ಹೊಸ ಕಂಬ ಆಮೇಲೆ ಸಾಹೇಬ್ರೆ, ಮೊದಲು ಬ್ಯಾಟರಿ ಕೊಡಿಸಿ

ನಮ್ಮ ಕ್ಷೇತ್ರದ ಶಾಸಕರಿಗೆ ಶರಣು.

ಕಲಬುರಗಿ ಜಿಲ್ಲೆಯ ಒಂದು ಸಣ್ಣ ಊರಿನಿಂದ ಬರೆಯುತ್ತಿದ್ದೇನೆ. ಬಸ್ ನಿಲ್ಲುವ ರಸ್ತೆಯಿಂದ ನಮ್ಮ ಓಣಿಗೆ ಒಂದು ಕಾಲುದಾರಿ ಇದೆ. ಪಕ್ಕದಲ್ಲಿ ಹಳ್ಳ, ಎರಡೂ ಕಡೆ ಜಾಲಿ. ಆ ದಾರಿಯಲ್ಲಿ ಆರು ಸೋಲಾರ್ ಕಂಬಗಳಿವೆ. ನಿಲ್ಲಿಸಿ ಆರು ವರ್ಷ ಆಯಿತು. ಈಗ ಉರಿಯುವುದು ಒಂದೇ. ಅದೂ ಏಳಕ್ಕೆ ಹತ್ತಿ ಎಂಟೂವರೆಗೆ ಆರುತ್ತದೆ. ಕಾಲೇಜು ಹುಡುಗಿಯರು ಇಳಿಯುವ ಕಡೇ ಬಸ್ ಬರುವುದು ಒಂಬತ್ತಕ್ಕೆ.

ಮೊನ್ನೆ ಊರಿಗೆ ಬಂದಾಗ ಈ ದಾರಿಗೆ ಇನ್ನೂ ಹತ್ತು ಸೋಲಾರ್ ಕಂಬ ಹಾಕಿಸುತ್ತೇನೆ ಅಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ. ಮನೆಗೆ ಬಂದ ಮೇಲೆ ಸಮಾಧಾನ ಆಗಲಿಲ್ಲ. ನಾನು ವೈರಿಂಗ್ ಕೆಲಸದವನು. ಪಂಚಾಯಿತಿಯವರಿಗೆ ಹೇಳಿ, ಏಣಿ ಹಾಕಿ ಆರೂ ಕಂಬ ಹತ್ತಿ ನೋಡಿದೆ.

ಮಧ್ಯಾಹ್ನದ ಬಿಸಿಲಲ್ಲಿ ಪ್ಯಾನಲ್‌ಗೆ ಮೀಟರ್ ಹಿಡಿದರೆ ಆರಕ್ಕೆ ಐದರಲ್ಲಿ 20 ವೋಲ್ಟ್ ಹತ್ತಿರ ತೋರಿಸಿತು. 12 ವೋಲ್ಟಿನ ಪ್ಯಾನಲ್ ಅಷ್ಟು ಕೊಟ್ಟರೆ ಅದಕ್ಕೆ ಜೀವ ಇದೆ ಅಂತಲೇ ಅರ್ಥ. ಆರನೆಯದು ಬೇವಿನ ಮರದ ನೆರಳಿಗೆ ಸಿಕ್ಕಿದೆ. ಕಂಬ ನೆಡುವಾಗ ಯಾರೂ ತಲೆ ಎತ್ತಿ ನೋಡಲಿಲ್ಲವೇನೋ! ಎಲ್ಇಡಿ ದೀಪಗಳೂ ಚೆನ್ನಾಗಿವೆ. ಹೋಗಿರುವುದು ಬ್ಯಾಟರಿ. ಎರಡು ಕಂಬದ ಬುಡದ ಪೆಟ್ಟಿಗೆ ಖಾಲಿ, ಬ್ಯಾಟರಿ ಕಳವಾಗಿದೆ. ಮೂರರಲ್ಲಿ ಬ್ಯಾಟರಿ ಇದೆ, ಆದರೆ ಒಳಗಿನ ನೀರು ಪೂರ್ತಿ ಒಣಗಿದೆ. ಉರಿಯುವ ಒಂದೂ ಕಡೇ ಉಸಿರಿನಲ್ಲಿದೆ.

ಇದು ಕಂಪನಿಯ ಮೋಸ ಅಂತ ನಾನು ಹೇಳುತ್ತಿಲ್ಲ. ಸೋಲಾರ್ ಪ್ಯಾನಲ್‌ಗೆ ಸಾಮಾನ್ಯವಾಗಿ 25 ವರ್ಷದ ಗ್ಯಾರಂಟಿ ಕೊಡುತ್ತಾರೆ. ಒಳ್ಳೆ ಎಲ್ಇಡಿ 50,000 ಗಂಟೆ ಉರಿಯುತ್ತದೆ, ಅಂದರೆ ದಿನಕ್ಕೆ 12 ಗಂಟೆಯಂತೆ ಹನ್ನೊಂದು ವರ್ಷ. ಲೆಡ್ ಆಸಿಡ್ ಬ್ಯಾಟರಿ ಮಾತ್ರ ಮೂರರಿಂದ ಐದು ವರ್ಷ. ಅದೂ 25 ಡಿಗ್ರಿ ತಂಪಿನ ಲೆಕ್ಕ. ಅದರ ಮೇಲೆ ಪ್ರತಿ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಬಂದರೆ 42 ಡಿಗ್ರಿ ಮಾಮೂಲು. ತಗಡಿನ ಪೆಟ್ಟಿಗೆಯೊಳಗೆ ಇನ್ನೂ ಜಾಸ್ತಿ. ಆ ಎರಡು ತಿಂಗಳು ಸರ್ಕಾರಿ ಆಫೀಸುಗಳನ್ನೇ ಬೆಳಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಇಳಿಸುತ್ತಾರೆ, ಅಲ್ವಾ? ಬ್ಯಾಟರಿಗೆ ಆ ರಿಯಾಯಿತಿ ಇಲ್ಲ.

ನಮ್ಮ ಮನೆ ಅಂಗಳದಲ್ಲೂ ಇದೇ ಕಥೆ. ಶಹಾಬಾದಿ ಕಲ್ಲು ಹಾಸಿದ ಅಂಗಳ, ಅವ್ವ ನಸುಕಿಗೆ ಎದ್ದು ಓಡಾಡುತ್ತಾಳೆ ಅಂತ ಕಟ್ಟೆಯ ಪಕ್ಕ ನಾಲ್ಕು ಸಣ್ಣ ಸೋಲಾರ್ ದೀಪ ಚುಚ್ಚಿದ್ದೆ. ಎರಡನೇ ವರ್ಷಕ್ಕೆ ಮಂಕಾದವು. ಬಿಸಾಡು ಅಂದಳು ಅವ್ವ. ಬಿಚ್ಚಿ ನೋಡಿದರೆ ಒಳಗೆ ಗಡಿಯಾರದ ಸೆಲ್ಲಿನಷ್ಟು ದೊಡ್ಡ ರೀಚಾರ್ಜ್ ಸೆಲ್. ಅದನ್ನಷ್ಟೇ ಬದಲಿಸಿದೆ. (ಗಡಿಯಾರದ ಮಾಮೂಲಿ ಸೆಲ್ ಹಾಕಬೇಡಿ ಮತ್ತೆ, ಅದು ಚಾರ್ಜ್ ಆಗುವ ಜಾತಿ ಅಲ್ಲ, ಸೋರುತ್ತದೆ.) ಮೂರು ದೀಪ ಹತ್ತಿದವು. ನಾಲ್ಕನೆಯದು ಜಪ್ಪಯ್ಯ ಅನ್ನಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಪಕ್ಕದ ಮನೆ ಬಲ್ಬಿನ ಬೆಳಕು ನೇರ ಅದರ ಪ್ಯಾನಲ್ ಮೇಲೆ ಬೀಳುತ್ತಿತ್ತು. ಈ ದೀಪಕ್ಕೆ ಪ್ಯಾನಲ್ಲೇ ಕಣ್ಣು. ಬೆಳಕು ಕಂಡರೆ ಇನ್ನೂ ಹಗಲು ಅಂದುಕೊಂಡು ಸುಮ್ನೆ ಇರುತ್ತದೆ. ಎರಡು ಅಡಿ ಸರಿಸಿದೆ, ಹತ್ತಿತು.

ಹಾಗಾಗಿ ನನ್ನ ಕೇಳಿಕೆ ಇಷ್ಟೇ. ಮೊದಲು ಈ ಆರು ಕಂಬಕ್ಕೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಾಕಿಸಿ, ಅದಕ್ಕೆ ಹೊಂದುವ ಚಾರ್ಜರ್ ಸಮೇತ. 12 ವ್ಯಾಟಿನ ದೀಪ 12 ಗಂಟೆ ಉರಿದರೆ 144 ವ್ಯಾಟ್-ಅವರ್. ಮೋಡ ಕವಿದ ಎರಡು ರಾತ್ರಿಗೂ ಆಗಬೇಕು ಅಂದರೆ 12 ವೋಲ್ಟಿನ 30 ಎಎಚ್ (ಆಂಪಿಯರ್-ಅವರ್, ಅಂದರೆ 360 ವ್ಯಾಟ್-ಅವರ್) ಲಿಥಿಯಂ ಸಾಕು. ನೀರು ಹಾಕುವ ಗೋಳಿಲ್ಲ. ಗಾತ್ರ ಸಣ್ಣದು, ಪ್ಯಾನಲ್ ಕೆಳಗೇ ಕೂರಿಸಬಹುದು, ಕಳ್ಳನಿಗೂ ಎಟುಕುವುದಿಲ್ಲ. ಬೇವಿನ ಮರದ ಕೆಳಗಿನ ಕಂಬವನ್ನು ಹತ್ತು ಹೆಜ್ಜೆ ಆಚೆ ನೆಡಿಸಿ. ಪ್ಯಾನಲ್ ಮುಖ ದಕ್ಷಿಣಕ್ಕೆ, ಓರೆ 17 ಡಿಗ್ರಿಯಷ್ಟು ಇರಲಿ. ನಮ್ಮ ಜಿಲ್ಲೆ ಇರುವ ಅಕ್ಷಾಂಶವೂ ಸುಮಾರು ಅಷ್ಟೇ.

ವರ್ಷಕ್ಕೆ 2 ಕೋಟಿ ರೂಪಾಯಿಯ ನಿಮ್ಮ ಶಾಸಕರ ನಿಧಿಯಿಂದ ರಿಪೇರಿಗೆ ಕೊಡಲು ಬರುವುದಿಲ್ಲ ಅಂತ ಅಧಿಕಾರಿಗಳು ಹೇಳಬಹುದು. ಹಾಗಿದ್ದರೆ ಹೊಸ ಕಂಬದ ಟೆಂಡರಿನಲ್ಲೇ ಐದು ವರ್ಷದ ನಿರ್ವಹಣೆ ಬರೆಸಿ. ಪೂರ್ತಿ ಬಿಲ್ ಒಂದೇ ಸಲ ಕೊಡಬೇಡಿ, ಒಂದಿಷ್ಟು ಹಣ ವರ್ಷ ವರ್ಷ ದೀಪ ನೋಡಿ ಬಿಡುಗಡೆಯಾಗಲಿ. ಕಂಬದ ಮೇಲೆ ಈಗ ಹೆಸರುಗಳು ದೊಡ್ಡದಾಗಿ ಇವೆ. ಅದರ ಕೆಳಗೆ ರಿಪೇರಿಯವನ ಫೋನ್ ನಂಬರ್ ಬರೆಸಲು ಜಾಗ ಇನ್ನೂ ಇದೆ. ಪ್ಯಾನಲ್ ಧೂಳು ಒರೆಸುವ ಕೆಲಸ ನೀರು ಬಿಡುವವನಿಗೆ ಕೊಟ್ಟರೆ ಆಗುತ್ತದೆ, ತಿಂಗಳಿಗೆ ಎರಡು ಸಲ.

ಹೈಮಾಸ್ಟ್, ಅಂದರೆ ಎತ್ತರದ ಕಂಬದ ದೊಡ್ಡ ದೀಪ ಬೇಕು ಅನ್ನುವವರೂ ಊರಲ್ಲಿದ್ದಾರೆ. ಅದು ಸರ್ಕಲ್ಲಿಗೆ ಸರಿ. ನಡೆಯುವ ದಾರಿಗೆ ಬೇಕಾದದ್ದು ಕಾಲ ಬುಡದ ಬೆಳಕು. ಮಳೆಗಾಲದಲ್ಲಿ ಆ ಜಾಲಿಯೊಳಗಿಂದ ಏನು ಹೊರಗೆ ಬರುತ್ತದೆ ಅಂತ ನಮ್ಮ ಓಣಿಯ ಮಕ್ಕಳಿಗೂ ಗೊತ್ತು. ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕು ಅಂತ 2024ರಲ್ಲಿ ಸರ್ಕಾರವೇ ಆದೇಶ ಮಾಡಿದೆ. ತೊಗರಿ ಕೊಯ್ಲಿಗೆ ನಸುಕಿನಲ್ಲೇ ಹೊರಡುವ ಹೆಣ್ಣುಮಕ್ಕಳು ಇದೇ ದಾರಿಯಲ್ಲಿ ಮೊಬೈಲ್ ಬೆಳಕು ಹಿಡಿದು ಹೋಗುತ್ತಾರೆ.

ನಿಮ್ಮ ಇಂಜಿನಿಯರ್ ಸಾಹೇಬರನ್ನು ಒಂದು ಸಲ ಕಳಿಸಿಕೊಡಿ. ಏಣಿ, ಮೀಟರ್ ಎರಡೂ ನನ್ನ ಹತ್ತಿರ ಇವೆ. ಬರುವುದು ಸಂಜೆ ತಡವಾದರೆ ಕೈಯಲ್ಲೊಂದು ಬ್ಯಾಟರಿ ಹಿಡಿದುಕೊಂಡು ಬರಲು ಹೇಳಿ.

ಇಂತಿ ನಿಮ್ಮ,
ಓಣಿಯ ವೈರಿಂಗ್ ಕೆಲಸದವ