ದೆಹಲಿಗೆ ಒಂದೇ ಚುನಾವಣೆ ಇರಲಿ, ನಮ್ಮ ಜಿಲ್ಲಾ ಪಂಚಾಯ್ತಿಗೆ ಒಂದಾದರೂ ಬೇಡವೇ?

ಮದ್ದೂರು ತಾಲೂಕು, ಮಂಡ್ಯ ಜಿಲ್ಲೆ
ಅಕ್ಟೋಬರ್ 2025

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆವತ್ತು ನೆಟ್ಟಗೆ ಉತ್ತರ ಕೊಡಲು ಆಗಲಿಲ್ಲ. ಭತ್ತಕ್ಕೆ ಔಷಧಿ ಹೊಡೆಯುವವರು ಗದ್ದೆ ಹತ್ತಿರ ಕಾಯುತ್ತಿದ್ದರು. 'ನೀನು ಊರು, ದೇವರು, ಹಿರಿಯರು ಅನ್ನೋನು. ಅಂಥವನು ಒಂದು ದೇಶ ಒಂದು ಚುನಾವಣೆ ಅನ್ನೋದನ್ನ ಹೇಗೆ ಒಪ್ತೀಯಾ? ಎಲ್ಲಾ ದೆಹಲಿ ಕೈಗೇ ಹೋಗಲ್ವಾ?' ಅಂತ ಕೇಳಿದೆ. ಸರಿಯಾದ ಪ್ರಶ್ನೆ ಕಣೋ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮೋದಿಯವರ ಕಡೆಯವನು ಅಂತ ನಿನಗೆ ಗೊತ್ತೇ ಇದೆ. 2024ರಲ್ಲಿ ಇಲ್ಲಿ ಕುಮಾರಸ್ವಾಮಿಯವರಿಗೆ ವೋಟು ಹಾಕಿದ್ದೂ ಅದೇ ಕಾರಣಕ್ಕೆ. ಒಟ್ಟಿಗೆ ಚುನಾವಣೆ ನಡೆಸುವುದು ಹೊಸ ವಿಚಾರವೂ ಅಲ್ಲ. 1952ರಿಂದ 1967ರವರೆಗೆ ನಾಲ್ಕು ಸಲ ಲೋಕಸಭೆಗೂ ವಿಧಾನಸಭೆಗೂ ಜೊತೆಯಲ್ಲೇ ವೋಟು ನಡೆಯಿತು. ನಮ್ಮ ಮೈಸೂರು ರಾಜ್ಯದಲ್ಲೂ ಹಾಗೇ. ಆಮೇಲೆ ರಾಜ್ಯ ಸರ್ಕಾರಗಳು ಒಂದೊಂದಾಗಿ ಬಿದ್ದವು. ಕೆಲವನ್ನು ದೆಹಲಿಯೇ ಬೀಳಿಸಿತು. 1971ರಲ್ಲಿ ಇಂದಿರಾ ಗಾಂಧಿಯವರು ಲೋಕಸಭೆ ಚುನಾವಣೆಯನ್ನೇ ಒಂದು ವರ್ಷ ಮುಂಚೆ ತಂದರು. ಸಾಲು ತಪ್ಪಿದ್ದು ಹಾಗೆ. 1989ರಲ್ಲಿ ನಮ್ಮ ಎಸ್.ಆರ್. ಬೊಮ್ಮಾಯಿಯವರ ರಾಜ್ಯ ಸರ್ಕಾರವನ್ನು ದೆಹಲಿ ವಜಾ ಮಾಡಿದ್ದು ನಮಗೆಲ್ಲ ನೆನಪಿದೆ. ಹಾಗೆ ಮನಸ್ಸಿಗೆ ಬಂದಂತೆ ಕಿತ್ತುಹಾಕುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿದ್ದೂ ಅದೇ ಕೇಸಿನಲ್ಲಿ. ಹಳೆಯ ಪದ್ಧತಿ ಒಳ್ಳೆಯದಿದ್ದರೆ ಅದಕ್ಕೆ ಮರಳುವುದರಲ್ಲಿ ತಪ್ಪೇನು? ಈಗ ನೋಡು, ಒಂದು ಎಲೆಕ್ಷನ್ ಮುಗಿಯುವ ಹೊತ್ತಿಗೆ ಇನ್ನೊಂದರ ನೀತಿ ಸಂಹಿತೆ ಬರುತ್ತೆ. ಟೆಂಡರ್ ನಿಲ್ಲುತ್ತೆ. ಮೇಷ್ಟ್ರುಗಳು ಬೂತ್ ಡ್ಯೂಟಿಗೆ ಹೋಗುತ್ತಾರೆ.

ಒಟ್ಟಿಗೆ ಚುನಾವಣೆ ಬಗ್ಗೆ ಕೇಂದ್ರ ಮಾಡಿದ್ದ, ಮಾಜಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ಸಮಿತಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಅಭಿಪ್ರಾಯ ಹೇಳಿದ 47 ಪಕ್ಷಗಳಲ್ಲಿ 32 ಒಪ್ಪಿದವು, 15 ಬೇಡ ಅಂದವು. ಅದೇ ವರ್ಷ ಡಿಸೆಂಬರ್ 17ಕ್ಕೆ ಮಸೂದೆ ಲೋಕಸಭೆಗೆ ಬಂತು. ಮಂಡಿಸುವುದಕ್ಕೇ ಮತ ಹಾಕಬೇಕಾಯಿತು, 269 ಪರ, 198 ವಿರೋಧ. ಈಗ ಅದು ಜಂಟಿ ಸಂಸದೀಯ ಸಮಿತಿಯ ಮುಂದಿದೆ. ಇಲ್ಲಿಯವರೆಗೂ ನನಗೆ ತಕರಾರಿಲ್ಲ.

ನನ್ನ ತಕರಾರು ಶುರುವಾಗುವುದು ಇದರ ಮುಂದೆ. ಕೋವಿಂದ್ ಸಮಿತಿ ಎರಡು ಹೆಜ್ಜೆ ಹೇಳಿತ್ತು. ಮೊದಲು ಲೋಕಸಭೆ, ವಿಧಾನಸಭೆ ಒಟ್ಟಿಗೆ. ಅದಾದ 100 ದಿನದೊಳಗೆ ಪಂಚಾಯ್ತಿ, ಪುರಸಭೆಗಳ ಚುನಾವಣೆ. ಮಸೂದೆಯಲ್ಲಿ ಮೊದಲನೇ ಹೆಜ್ಜೆ ಮಾತ್ರ ಇದೆ. ಪಂಚಾಯ್ತಿಯ ಮಾತು ಬಿಟ್ಟುಹೋಗಿದೆ. ನಮ್ಮಂಥ ಹಳ್ಳಿಯವರಿಗೆ ಅದೇ ಮುಖ್ಯ ಅಲ್ವಾ?

ನೀನು ಬೆಂಗಳೂರು ಸೇರಿ ಬಹಳ ವರ್ಷ ಆಯಿತು, ಗಮನಿಸಿರಲಾರೆ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ ಕೊನೆಯ ಸಲ ವೋಟು ಹಾಕಿದ್ದು 2016ರಲ್ಲಿ. 2021ಕ್ಕೆ ಅವರ ಅವಧಿ ಮುಗಿಯಿತು. ಅಲ್ಲಿಂದ ಇಲ್ಲಿಯವರೆಗೆ ಚುನಾವಣೆಯೇ ಇಲ್ಲ. ನಾಲ್ಕು ವರ್ಷ ದಾಟಿತು. ಆಡಳಿತಾಧಿಕಾರಿಗಳು ನಡೆಸುತ್ತಿದ್ದಾರೆ. ಪಂಚಾಯ್ತಿ ಅವಧಿ ಐದು ವರ್ಷ, ಅದು ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಇ ವಿಧಿ ಬಿಡಿಸಿ ಹೇಳುತ್ತೆ. ಸಂವಿಧಾನವನ್ನು ಕೈಯಲ್ಲಿ ಹಿಡಿದು ಭಾಷಣ ಮಾಡುವವರು ಈಗ ಅಧಿಕಾರದಲ್ಲಿದ್ದಾರೆ. ಈ ವಿಧಿಯನ್ನೂ ಅವರು ಒಂದು ಸಲ ಓದಬೇಕು.

ಹಾಗಂತ ನಮ್ಮವರನ್ನು ಬಿಟ್ಟುಕೊಡುವ ಪ್ರಶ್ನೆಯೇ ಇಲ್ಲ. ಇದು ಶುರುವಾದದ್ದೇ ಬಿಜೆಪಿ ಸರ್ಕಾರದ ಕಾಲದಲ್ಲಿ. 2021ರಲ್ಲಿ ಕಾನೂನು ತಿದ್ದಿ, ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟರು. ಚುನಾವಣೆ ಮುಂದಕ್ಕೆ ಹೋಯಿತು. 2023ರಲ್ಲಿ ಕಾಂಗ್ರೆಸ್ ಬಂತು. ಆಗಲೂ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಮುಂದಕ್ಕೇ ಹೋಗುತ್ತಿದೆ. ನನ್ನ ಲೆಕ್ಕದಲ್ಲಿ ಕಾರಣ ಸರಳ. ಜಿಲ್ಲಾ ಪಂಚಾಯ್ತಿ ಮೆಂಬರ್ ಅಂದರೆ ನಾಳೆ ಎಂಎಲ್‌ಎ ಟಿಕೆಟ್ ಕೇಳುವವನು. ಅವನು ಬೆಳೆಯುವುದು ಯಾವ ಪಕ್ಷದ ಎಂಎಲ್‌ಎಗೂ ಬೇಕಾಗಿಲ್ಲ. ಇದನ್ನು ನಮ್ಮ ಪಕ್ಷದವರ ಎದುರಿಗೇ ಹೇಳಿದ್ದೇನೆ. ಯಾರೂ ಇಲ್ಲ ಅನ್ನಲಿಲ್ಲ.

ಇದರಿಂದ ಏನಾಗುತ್ತೆ ಅಂತ ಹೇಳುತ್ತೇನೆ ಕೇಳು. ನಮ್ಮೂರಿಂದ ಹೋಬಳಿಗೆ ಹೋಗುವ ದಾರಿಯಲ್ಲಿ, ಹುಣಸೆ ಮರ ದಾಟಿದ ಮೇಲೆ, ಕಾಲುವೆ ಮೇಲೆ ಒಂದು ಮೋರಿ ಇದೆಯಲ್ಲ, ಅದರ ಎಡಗಡೆಯ ಅಂಚು ಕುಸಿದಿದೆ. ಕಲ್ಲು ಕಿತ್ತು ಕಾಲುವೆಗೇ ಬಿದ್ದಿದೆ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಹೊರಗೆ ಚಾಚಿಕೊಂಡಿದೆ. ಯಾರೋ ಪುಣ್ಯಾತ್ಮರು ಸರಳಿನ ತುದಿಗೆ ಕೆಂಪು ಬಟ್ಟೆ ಕಟ್ಟಿದ್ದಾರೆ, ರಾತ್ರಿ ಬೈಕಿನವರಿಗೆ ಕಾಣಲಿ ಅಂತ. ಕಬ್ಬಿನ ಲೋಡು ಬಂದರೆ ಟ್ರ್ಯಾಕ್ಟರ್‌ನವನು ಇಳಿದು, ಚಕ್ರ ಎಲ್ಲಿ ಹೋಗುತ್ತೆ ಅಂತ ನೋಡಿಕೊಂಡು, ಆಮೇಲೆ ಹತ್ತುತ್ತಾನೆ. ಎತ್ತಿನ ಗಾಡಿಯವರು ಅರ್ಧ ಕಬ್ಬು ಇಳಿಸಿ ದಾಟಿಸಿ ಮತ್ತೆ ಹೇರುತ್ತಾರೆ. ಸ್ಕೂಲ್ ವ್ಯಾನು ಈಗ ಊರೊಳಕ್ಕೆ ಬರುವುದಿಲ್ಲ. ಮಕ್ಕಳು ಮೋರಿಯವರೆಗೆ ನಡೆದು ಹೋಗುತ್ತವೆ.

ಗ್ರಾಮ ಪಂಚಾಯ್ತಿಯಲ್ಲಿ ಕೇಳಿದರೆ, ರಸ್ತೆ ಜಿಲ್ಲಾ ಪಂಚಾಯ್ತಿಯದು ಅಂದರು. ತಾಲೂಕಿನ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ಅರ್ಜಿಗೆ ಸೀಲು ಹಾಕಿ ಕೊಟ್ಟರು. ಮುಂದಿನ ಸಲ ಹೋಗುವಷ್ಟರಲ್ಲಿ ಅವರಿಗೆ ವರ್ಗ ಆಗಿತ್ತು. ಹೊಸಬರಿಗೆ ನಮ್ಮ ಹೋಬಳಿ ಯಾವ ದಿಕ್ಕಿಗಿದೆ ಅನ್ನುವುದರಿಂದ ಹೇಳಬೇಕಾಯಿತು. ಅವರನ್ನು ಬೈದು ಏನು ಪ್ರಯೋಜನ? ಅವರು ನಮ್ಮ ವೋಟಿನಿಂದ ಬಂದವರಲ್ಲ. ಹಿಂದೆ ಇದ್ದ ಮೆಂಬರ್ ಹೇಗೇ ಇರಲಿ, ಬೆಳಿಗ್ಗೆ ಟೀ ಅಂಗಡಿ ಮುಂದೆ ಸಿಗುತ್ತಿದ್ದ. ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ 'ಏನಯ್ಯ, ಮೋರಿ ಏನಾಯ್ತು?' ಅಂದರೆ ಅವನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಹಿಡಿತ ನಮ್ಮ ಕೈ ತಪ್ಪಿದೆ.

ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಕೊರೆಯುತ್ತಿದೆ. ದೆಹಲಿಯಲ್ಲಿ 2023ರಲ್ಲಿ ಮಹಿಳಾ ಮೀಸಲಾತಿ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದೆವು. ನಮ್ಮ ರಾಜ್ಯದ ಪಂಚಾಯ್ತಿಗಳಲ್ಲಿ 2010ರಿಂದಲೇ ಹೆಂಗಸರಿಗೆ ಅರ್ಧ ಸೀಟು ಇದೆ. ಆ ಸೀಟುಗಳು ಜಿಲ್ಲೆಯಲ್ಲೂ ತಾಲೂಕಿನಲ್ಲೂ ಈಗ ಖಾಲಿ ಬಿದ್ದಿವೆ. ಸಂಸತ್ತಿಗೆ ಹೋಗಬೇಕಾದ ಹೆಣ್ಣುಮಗಳು ಮಾತಾಡಲು ಕಲಿಯುವುದು ಎಲ್ಲಿ?

ಕಲಿಯುವ ಜಾಗ ನಮ್ಮೂರಲ್ಲಿ ಒಂದು ಉಳಿದಿದೆ, ಹಾಲಿನ ಡೇರಿ. ಕಳೆದ ತಿಂಗಳು ಅದರ ವಾರ್ಷಿಕ ಸಭೆ ಆಯಿತು. ಶಾಮಿಯಾನದ ಕೆಳಗೆ ಕಾರ್ಯದರ್ಶಿ ಲೆಕ್ಕ ಓದುತ್ತಿದ್ದ. ಇಷ್ಟು ಲೀಟರ್ ಬಂತು, ಒಕ್ಕೂಟಕ್ಕೆ ಇಷ್ಟು ಹೋಯಿತು, ಬೋನಸ್ ಇಷ್ಟು. ಹಿಂದಿನ ಸಾಲಿನಿಂದ ನಮ್ಮ ಕೇರಿಯ ಒಬ್ಬ ಹೆಣ್ಣುಮಗಳು ಎದ್ದಳು. ಮಾತು ಕಮ್ಮಿ ಅವಳದು, ಎರಡು ಹಸು ಸಾಕಿಕೊಂಡಿದ್ದಾಳೆ. 'ಬೆಳಿಗ್ಗೆ ಹಾಲಿನ ಗಟ್ಟಿತನ ಅಳೆದರೆ ಡಿಗ್ರಿ ಬರುತ್ತೆ, ಸಂಜೆ ಅದೇ ಹಸು ಹಾಲಿಗೆ ಬರಲ್ಲ. ಯಾಕೆ?' ಅಂದಳು. ಸಭೆ ಒಂದು ಕ್ಷಣ ಸುಮ್ಮನಾಯಿತು. ಕಾರ್ಯದರ್ಶಿ ಏನೋ ಸಮಜಾಯಿಷಿ ಹೇಳಲು ಹೋದ. ಅವಳು ಕೂರಲಿಲ್ಲ. ಕೊನೆಗೆ ಅಧ್ಯಕ್ಷರು, ಸಂಜೆ ಹೊತ್ತು ಒಬ್ಬ ನಿರ್ದೇಶಕರು ನಿಂತು ಪರೀಕ್ಷೆ ನೋಡಬೇಕು ಅಂತ ಪುಸ್ತಕದಲ್ಲಿ ಬರೆಸಿದರು. ಮಾರನೇ ದಿನದಿಂದ ಅದು ನಡೆಯುತ್ತಿದೆ. ನಾನು ಸಂಪ್ರದಾಯ ಸಂಪ್ರದಾಯ ಅನ್ನುತ್ತೇನಲ್ಲ, ಅದು ಇಂಥದ್ದು ಗೆಳೆಯಾ. ನಮ್ಮ ದುಡ್ಡು, ನಮ್ಮ ಲೆಕ್ಕ, ಎದುರಿಗೇ ಕೇಳುವ ಹಕ್ಕು. ಮಾರಮ್ಮನ ಹಬ್ಬಕ್ಕೆ ಮನೆಗಿಷ್ಟು ಅಂತ ವರಿ ಹಾಕಿ, ಹಬ್ಬ ಮುಗಿದ ಮೇಲೆ ಗುಡಿ ಮುಂದೆ ಕೂತು ಪೈಸೆ ಪೈಸೆ ಲೆಕ್ಕ ಒಪ್ಪಿಸುತ್ತಾರಲ್ಲ, ಅದೂ ಇದೇ.

ಮೈಸೂರು ಸೀಮೆಯಲ್ಲಿ ಇದಕ್ಕೆ ದೊಡ್ಡ ಚರಿತ್ರೆಯೇ ಇದೆ. 1881ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು. ಮೊದಲ ಸಭೆಗೆ ಬಂದವರು 144 ಜನ. ಅವರು ಜನ ಆರಿಸಿದವರಲ್ಲ, ಭೂಮಿ ಉಳ್ಳವರು, ವ್ಯಾಪಾರಸ್ಥರು, ನಿಜ. ಆದರೂ ತಾಲೂಕು ತಾಲೂಕಿನಿಂದ ಬಂದವರ ಮುಂದೆ ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು. ಅದೂ ದಸರಾ ಸಮಯದಲ್ಲಿ, ಮೈಸೂರಿನಲ್ಲಿ. ಈ ಸಲವೂ ದಸರಾ ಚೆನ್ನಾಗಿ ಆಯಿತು, ಜಂಬೂಸವಾರಿಗೆ ಜನವೋ ಜನ. ಮಂಡ್ಯದ ಕಡೆಯಿಂದ ಹೋದವರೇ ಎಷ್ಟೊಂದು. ಆದರೆ ದೀಪ ನೋಡಿ ಬಂದ ನಮ್ಮ ಹುಡುಗರಿಗೆ, ದಸರಾ ಅಂದರೆ ಸರ್ಕಾರ ಜನಕ್ಕೆ ಲೆಕ್ಕ ಒಪ್ಪಿಸುವ ಕಾಲವೂ ಆಗಿತ್ತು ಅಂತ ಯಾರೂ ಹೇಳಿಕೊಟ್ಟಿಲ್ಲ.

ಅದಾದ ನೂರು ವರ್ಷಕ್ಕೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ, ಪಂಚಾಯ್ತಿ ಮಂತ್ರಿ ನಜೀರ್ ಸಾಬ್ 1983ರ ಪಂಚಾಯ್ತಿ ಕಾಯ್ದೆ ತಂದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ನಡೆಯಿತು. ಪಂಚಾಯ್ತಿಗಳಿಗೆ ಸಂವಿಧಾನದ ಬಲ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆ ಬಂದದ್ದು ಆಮೇಲೆ, 1993ರಲ್ಲಿ. ಅವರ ಪಕ್ಷ ನಮ್ಮದಲ್ಲ. ಒಳ್ಳೆಯ ಕೆಲಸವನ್ನು ಒಳ್ಳೆಯದು ಅನ್ನಲು ಪಕ್ಷ ಯಾಕೆ ಬೇಕು? ಇಡೀ ದೇಶಕ್ಕೆ ದಾರಿ ತೋರಿಸಿದ ರಾಜ್ಯದಲ್ಲೇ ಇವತ್ತು ಈ ಗತಿ.

ಗ್ಯಾರಂಟಿ ಬಗ್ಗೆಯೂ ಕೇಳಿದ್ದೆ. ಗೃಹಲಕ್ಷ್ಮಿಯ 2,000 ರೂಪಾಯಿ ಹೆಂಗಸರಿಗೆ ಆಸರೆ ಆಗಿದೆ, ಇಲ್ಲ ಅನ್ನಲಾರೆ. ನನ್ನ ಅಂಜಿಕೆ ಬೇರೆ. ದುಡ್ಡು ಬೆಂಗಳೂರಿಂದ ನೇರ ಖಾತೆಗೆ ಬರುತ್ತೆ. ತಡವಾದರೆ ಮೊಬೈಲ್ ನೋಡಿಕೊಂಡು ಕೂರಬೇಕು, ಊರಲ್ಲಿ ಕೇಳಲು ಯಾರೂ ಇಲ್ಲ. ರಸ್ತೆ, ಮೋರಿ, ಕೆರೆ ಏರಿ ಎಲ್ಲಾ ಹಿಂದೆ ಬಿದ್ದಿವೆ. ದುಡಿಯುವ ಜನರಿಗೆ ಒಳ್ಳೆ ದಾರಿ, ನೀರು, ಕಬ್ಬಿಗೆ ನ್ಯಾಯವಾದ ಬೆಲೆ ಸಿಕ್ಕರೆ ಅವರೇ ಸಂಸಾರ ನಡೆಸಿಕೊಳ್ಳುತ್ತಾರೆ. ಕೇಂದ್ರ ಮೊನ್ನೆ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿಯನ್ನು 12ರಿಂದ 5ಕ್ಕೆ ಇಳಿಸಿತು. ತುಪ್ಪ, ಬೆಣ್ಣೆಗೂ ಹಾಗೇ. ನನಗೆ ಹಿಡಿಸುವುದು ಇಂಥ ಕ್ರಮ. ದುಡಿದವನ ಜೇಬಿನಲ್ಲೇ ದುಡ್ಡು ಉಳಿಯುತ್ತೆ.

ಮದ್ದೂರಿನ ಗಲಾಟೆ ಬಗ್ಗೆ ನೀನು ಟಿವಿಯಲ್ಲಿ ನೋಡಿದ್ದು ಅರ್ಧ. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಾಗಮಂಗಲ, ಈ ವರ್ಷ ಸೆಪ್ಟೆಂಬರ್ 7ಕ್ಕೆ ಮದ್ದೂರು. ಎರಡೂ ಕಡೆ ಗಣಪತಿ ಮೆರವಣಿಗೆಯಲ್ಲೇ ಕಲ್ಲು ತೂರಾಟ. ಗಣಪತಿ ಬಿಡಲು ಹೋಗುವವರು ಹೆದರಿಕೊಂಡು ಹೋಗುವ ಸ್ಥಿತಿ ಬರಬಾರದು. ಇದರಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಕಲ್ಲು ಎಸೆದವರು ಯಾರೇ ಆಗಲಿ ಕೋರ್ಟಿನಲ್ಲಿ ಶಿಕ್ಷೆ ಆಗಲಿ, ರಾಜಿ ಮಾಡಿಸಿ ಮುಚ್ಚಿಹಾಕುವುದು ಬೇಡ. ಹಾಗೆಯೇ ಎಸೆದವರ ಪಾಪವನ್ನು ಇಡೀ ಬೀದಿಯ ತಲೆಗೆ ಕಟ್ಟುವುದೂ ಬೇಡ. ನಾಗಮಂಗಲದಲ್ಲಿ ಅಂಗಡಿಗಳು ಸುಟ್ಟವು. ಅಂಗಡಿ ಇಟ್ಟುಕೊಂಡು ಬಾಳುವವನ ಕಷ್ಟ ನಮಗೆ ಗೊತ್ತಿಲ್ವಾ? ಎರಡು ಕಡೆಯ ಹುಡುಗರ ಅಪ್ಪಂದಿರನ್ನೂ ಹೆಸರು ಹಿಡಿದು ಕರೆಯಬಲ್ಲ ಚುನಾಯಿತ ಮನುಷ್ಯ ಅಂಥ ಹೊತ್ತಿನಲ್ಲಿ ಬೀದಿಯಲ್ಲಿ ನಿಂತಿರಬೇಕು. ಪೊಲೀಸರು ಬೇರೆ ಊರಿಂದ ಬಂದವರು. ದೊಡ್ಡ ಲೀಡರುಗಳು ಮೈಕ್ ಹಿಡಿದು ಬರುವುದು ಎಲ್ಲಾ ಆದ ಮೇಲೆ.

ನೀರಿನ ವಿಷಯ ಸಂತೋಷದ್ದು. ಕನ್ನಂಬಾಡಿ ಅಣೆ, ಅದೇ ಕೆಆರ್‌ಎಸ್, ಈ ಸಲ ಜೂನ್‌ನಲ್ಲೇ 124.80 ಅಡಿ ಮುಟ್ಟಿತು. ಜೂನ್‌ನಲ್ಲಿ ತುಂಬಿದ್ದು ಇದೇ ಮೊದಲಂತೆ. ನಮ್ಮ ಭತ್ತ ಹೊಡೆ ಬಿಚ್ಚುತ್ತಿದೆ. ದಸರಾದಲ್ಲಿ ಅಲ್ಲಿ ಕಾವೇರಿ ಆರತಿಯನ್ನೂ ಮಾಡಿದರು. ರೈತ ಸಂಘದವರು ಮುಂಚಿನಿಂದಲೂ ವಿರೋಧಿಸಿದ್ದರು. ನಾನು ಕಾವೇರಿಗೆ ಕೈಮುಗಿಯುವವನು, ಆರತಿ ಬೇಡ ಅನ್ನುವವನಲ್ಲ. ಆದರೆ ಅಣೆ ತುಂಬಿದ ವರ್ಷವೂ ಮದ್ದೂರು, ಮಳವಳ್ಳಿಯ ಕೊನೇ ಭಾಗದವರು ನಾಲೆಗೆ ನೀರು ಬರಲಿ ಅಂತ ಕಾಯುತ್ತಾರೆ. ಅವರ ತೂಬಿಗೆ ನೀರು ಮುಟ್ಟಿಸಿ ಆಮೇಲೆ ಆರತಿ ಎತ್ತಿದರೆ ತಾಯಿಗೂ ಒಪ್ಪಿಗೆ ಆಗುತ್ತೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ನಮ್ಮ ಗ್ರಾಮ ಪಂಚಾಯ್ತಿಗೆ ಚುನಾವಣೆ ಆದದ್ದು 2020ರ ಡಿಸೆಂಬರ್‌ನಲ್ಲಿ. ಅದರ ಅವಧಿಯೂ ಮುಗಿಯುತ್ತಾ ಬಂತು. ಅಲ್ಲಿಗೂ ಆಡಳಿತಾಧಿಕಾರಿ ಬಂದು ಕೂತರೆ ಊರಿಗೆ ಉಳಿಯುವ ಬಾಯಿ ಡೇರಿ ಸಭೆಯೊಂದೇ. ಅದಕ್ಕೆ ಸುತ್ತಲಿನ ಊರಿನವರೆಲ್ಲ ಸೇರಿ ಒಂದು ಮನವಿ ತಯಾರು ಮಾಡುತ್ತಿದ್ದೇವೆ. ಮೂರು ಹಂತದ ಪಂಚಾಯ್ತಿಗೂ ಕೂಡಲೇ ಚುನಾವಣೆ ಮಾಡಿ ಅಂತ ರಾಜ್ಯ ಸರ್ಕಾರಕ್ಕೆ ಒಂದು. ಒಟ್ಟಿಗೆ ಚುನಾವಣೆಯ ಕಾನೂನಿನಲ್ಲಿ ಆ 100 ದಿನದ ಮಾತನ್ನೂ ಸೇರಿಸಿ ಅಂತ ಜಂಟಿ ಸಮಿತಿಗೆ ಇನ್ನೊಂದು. ಕಾಂಗ್ರೆಸ್ಸಿನವರೂ ದಳದವರೂ ಸಹಿ ಹಾಕಲು ಒಪ್ಪಿದ್ದಾರೆ. ನೀನು ಕಚೇರಿಯಲ್ಲಿ ಫೈಲು ಬರೆದು ಪಳಗಿದವನು. ಕರಡನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ ತಿದ್ದಿ ಕಳಿಸು. 243ಇ ವಿಧಿಯ ಸಾಲುಗಳು ಕನ್ನಡದಲ್ಲಿ ಸರಿಯಾಗಿ ಬಂದಿವೆಯಾ ನೋಡು. ಮೋರಿಯ ಫೋಟೋ ಮೊದಲನೇ ಪುಟದಲ್ಲಿರಲೋ ಕೊನೆಯಲ್ಲಿರಲೋ ಅನ್ನುವುದನ್ನೂ ನೀನೇ ಹೇಳು. ದೀಪಾವಳಿಯೊಳಗೆ ಸಿಕ್ಕಿದರೆ, ಹಬ್ಬಕ್ಕೆ ಊರಿಗೆ ಬಂದವರ ಸಹಿಯನ್ನೂ ಹಾಕಿಸಬಹುದು. ನೀನೂ ಬಂದರೆ ಇನ್ನೂ ಒಳ್ಳೆಯದು. ಬರುವಾಗ ರಾತ್ರಿ ಮಾಡಿಕೊಳ್ಳಬೇಡ, ಮೋರಿ ಹತ್ತಿರ ಕಾರು ನಿಧಾನ.

ತಂಗಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಗೆಳೆಯ