ಬೂದಿರ್‌ನ ಕಪ್ಪು ಚರ್ಚು

ಸ್ನೇಹಿತರೇ, ನಮ್ಮ ಕನ್ನಡ ಬಳಗದ ಪತ್ರಿಕೆಯ ಸಂಚಿಕೆ ನಾಳೆ ಬೆಳಿಗ್ಗೆ ಹೋಗಬೇಕು, ಈಗ ರಾತ್ರಿ ಹನ್ನೊಂದೂವರೆ. ದೀಪಾವಳಿ ಬಗ್ಗೆ ಬರೆಯೋಣ ಅಂತ ಕೂತೆ. ತಲೆ ತುಂಬ ಐಸ್‌ಲ್ಯಾಂಡಿನ ಆ ಪುಟ್ಟ ಚರ್ಚೇ ಇದೆ.

ಜುಲೈ ಪ್ರವಾಸಕ್ಕೆ ಬಂದವರಿಗೆ ನೆನಪಿರುತ್ತೆ. ಸ್ನೈಫೆಲ್ಸ್‌ನೆಸ್ ಪರ್ಯಾಯದ್ವೀಪದ ತೀರದ ಬೂದಿರ್. ಸುತ್ತ ಲಾವಾ ಬಂಡೆ, ಪಾಚಿ, ಜೋರು ಗಾಳಿ, ನಡುವೆ ಕಪ್ಪಗೆ ನಿಂತ ಮರದ ಲೂಥರನ್ (ಪ್ರೊಟೆಸ್ಟಂಟ್ ಪಂಥದ) ಚರ್ಚು. ಮಗಳು ಹಲಗೆ ಸವರಿ, "ಅಮ್ಮಾ, ಇದನ್ನ ದೋಣಿ ಮಾಡೋರು ಕಟ್ಟಿದ್ದಾ?" ಅಂದಳು.

ನಾನು ಅಲ್ಲೇ ನಿಂತುಬಿಟ್ಟೆ. ಗಂಗೊಳ್ಳಿಯಲ್ಲಿ ಮಳೆಗಾಲ ಹತ್ತಿರ ಬಂದಾಗ ಅಜ್ಜ ದೋಣಿಯನ್ನು ದಡಕ್ಕೆ ಎಳೆಸಿ, ಕೋಲಿಗೆ ಚಿಂದಿ ಸುತ್ತಿ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತೆ, ಅದಕ್ಕೇ ಮೊದಲು ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಳ್ಳೋರು. ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಆ ಘಾಟು ನಾಲ್ಕು ದಿನ ಅಂಗಳ ಬಿಡುತ್ತಿರಲಿಲ್ಲ. ಅಲ್ಲೂ ಅದೇ ಲೆಕ್ಕ: ಉಪ್ಪುಗಾಳಿಗೆ ಮರ ಉಳಿಯಬೇಕಾದರೆ ಡಾಂಬರು ಬಳಿಯಬೇಕು.

ಚರ್ಚಿನ ಕಥೆಯನ್ನು ಆ ದಿನ ಬಸ್ಸಿನ ಗಲಾಟೆಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ. 1703ರಲ್ಲಿ ಬೆಂಟ್ ಲಾರುಸ್ಸನ್ ಎಂಬ ವ್ಯಾಪಾರಿ ಇಲ್ಲಿ ಮೊದಲ ಚರ್ಚು ಕಟ್ಟಿಸಿದರು. 1816ರಲ್ಲಿ ಆ ಚರ್ಚು ರದ್ದಾಯಿತು. ಊರಿನ ಸ್ಟೇನುನ್ ಎಂಬ ಹೆಂಗಸು ಮತ್ತೆ ಬೇಕೇ ಬೇಕು ಅಂತ ಹಟ ಹಿಡಿದರು. ಚರ್ಚಿನ ಹಿರಿಯರು ಒಪ್ಪಲಿಲ್ಲ. ಆಗ ಐಸ್‌ಲ್ಯಾಂಡ್ ಡೆನ್ಮಾರ್ಕಿನ ಕೈಯಲ್ಲಿತ್ತು. ಆಕೆ ರಾಜನಿಗೇ ಬರೆದರು! 1847ರಲ್ಲಿ ಅಪ್ಪಣೆ ಬಂತು, ಮರುವರ್ಷ ಚರ್ಚು ಎದ್ದಿತು. ಧರ್ಮಗುರುಗಳ ನೆರವಿಲ್ಲದೆ 1848ರಲ್ಲಿ ಕಟ್ಟಿದ್ದು ಅಂತ ಬಾಗಿಲ ಬಳೆಯ ಮೇಲೇ ಕೆತ್ತಿಸಿದ್ದಾರೆ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ. ಚರ್ಚಿನ ಗಂಟೆಯೊಂದು ಇನ್ನೂ ಹಳೆಯದು, 1672ರದು. ಕಟ್ಟಡ ಹಾಳಾದಾಗ ಮತ್ತೆ ಕಟ್ಟಿ 1987ರಲ್ಲಿ ಪೂಜೆಗೆ ತೆರೆದರು.

ಇನ್ನು ಬೇಗ ಬೇಗ: ರಾಜ್ಯೋತ್ಸವ ನವೆಂಬರ್ ಮೊದಲ ಭಾನುವಾರ, ಅದೇ ಸಭಾಂಗಣ, ಹತ್ತು ಗಂಟೆಗೆ. ಮಕ್ಕಳ ಹೆಸರು ಈ ಶುಕ್ರವಾರದೊಳಗೆ ಕೊಡಿ. ಊಟಕ್ಕೆ ಬಿಸಿಬೇಳೆಬಾತು, ಸಿಹಿ ಯಾರಾದರೂ ಮಾಡಿ ತರಬೇಕು. ಕನ್ನಡ ಶಾಲೆಗೆ ಮೇಷ್ಟ್ರು ಇಲ್ಲದೆ ಎರಡು ತಿಂಗಳಾಯಿತು, ಭಾನುವಾರ ಒಂದು ಗಂಟೆ ಸಾಕು, ದಯವಿಟ್ಟು ಬನ್ನಿ. ಈ ಪತ್ರಿಕೆಗೂ ಇನ್ನೊಬ್ಬರು ಬೇಕು. ನಾನೊಬ್ಬಳೇ ಆಗ್ತಿಲ್ಲ.

ಕೊನೇ ಪುಟದಲ್ಲಿ ಮಗಳು ಬಿಡಿಸಿದ ಚರ್ಚಿನ ಚಿತ್ರ ಇದೆ. ಪಕ್ಕದಲ್ಲಿ ಅಜ್ಜನ ದೋಣಿಯನ್ನೂ ನಿಲ್ಲಿಸಿದ್ದಾಳೆ, ನೋಡಿ.