ಮಗಳಿಗೊಂದು ಪತ್ರ: ಶೈಯಾನ್ ಹೆಂಗಸರ ಗುಡಾರ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಅಮೆರಿಕದ ಮೂಲನಿವಾಸಿಗಳಾದ ಶೈಯಾನ್ ಜನರ ಟೀಪಿ ಎಂಬ ಗುಡಾರವನ್ನು ಕಾಲೇಜಿನಲ್ಲಿ ಕಟ್ಟಲು ನೀನು ಕಳಿಸಿದ ನಕ್ಷೆ ನೋಡಿದೆ. ಐಸ್‌ಕ್ರೀಮ್ ಕೋನನ್ನು ಬೋರಲು ಹಾಕಿದ ಹಾಗೆ ಸುತ್ತಲೂ ಒಂದೇ ಇಳಿಜಾರು ಬರೆದಿದ್ದೀಯ, ತುದಿಗೆ ಸರಿಯಾಗಿ ನಡುವೆ ಹೊಗೆಗೊಂದು ತೂತು. ಹೀಗೆ ಕಟ್ಟಿದರೆ ಕಾಲೇಜಿನ ಮೈದಾನದಲ್ಲಿ ಫೋಟೋಗೇನೋ ಚೆನ್ನಾಗಿರುತ್ತದೆ. ಒಳಗೆ ಬೆಂಕಿ ಹಾಕಿದರೆ ಮಾತ್ರ ಐದು ನಿಮಿಷಕ್ಕೆ ಎಲ್ಲರೂ ಕಣ್ಣುಜ್ಜಿಕೊಂಡು ಹೊರಗೆ ಓಡಿಬರುತ್ತೀರಿ. ಕೆಳಗೆ ‘ಶೈಯಾನ್ ಯೋಧರು ಕಟ್ಟುತ್ತಿದ್ದ ಗುಡಾರ’ ಎಂದು ಬೇರೆ ಬರೆದಿದ್ದೀಯ. ಮೊದಲು ಆ ಸಾಲು ಹೊಡೆದುಹಾಕು. ಚರ್ಮ ಹದ ಮಾಡುವುದು, ಹೊಲಿಯುವುದು, ಎಬ್ಬಿಸುವುದು, ಇಳಿಸುವುದು, ಎಲ್ಲ ಹೆಂಗಸರ ಕೆಲಸ. ಮನೆಯೂ ಅವರದೇ. ಗಂಡಸು ಆ ಮನೆಯಲ್ಲಿ ಇರುತ್ತಿದ್ದ, ಅಷ್ಟೆ. ಮದುವೆಯಾದ ಮೇಲೆ ಹುಡುಗ ಹುಡುಗಿಯ ತಾಯಿಯ ಗುಡಾರದ ಹತ್ತಿರವೇ ಹೊಸ ಗುಡಾರಕ್ಕೆ ಬಂದು ಸೇರುವುದು ರೂಢಿಯಾಗಿತ್ತು. ಆದರೆ ಅತ್ತೆ–ಅಳಿಯ ಮುಖ ಕೊಟ್ಟು ಮಾತಾಡುವ ಹಾಗಿರಲಿಲ್ಲ. ಅಮ್ಮನ ಅಕ್ಕತಂಗಿಯರೆಲ್ಲ ಅಮ್ಮಂದಿರೇ, ಅಪ್ಪನ ಅಣ್ಣತಮ್ಮಂದಿರೆಲ್ಲ ಅಪ್ಪಂದಿರೇ. ನಮ್ಮ ದೊಡ್ಡಮ್ಮ, ಚಿಕ್ಕಪ್ಪಂದಿರ ಲೆಕ್ಕವೇ. ಸೋದರತ್ತೆ, ಸೋದರಮಾವ ಮಾತ್ರ ಬೇರೆ. ಅಲ್ಲಿಂದ ಮುಂದೆ ನಮ್ಮ ದಾರಿ ಬೇರೆ: ಸೋದರಮಾವನ ಮಕ್ಕಳನ್ನೂ ಅವರು ಅಣ್ಣ ತಂಗಿ ಎಂದೇ ಕರೆಯುತ್ತಾರೆ, ಮದುವೆಯ ಮಾತೇ ಇಲ್ಲ.

ಹೆಸರಿನ ವಿಷಯ ಒಂದು ಸಾಲು ಸೇರಿಸು. ‘ಶೈಯಾನ್’ ಅವರೇ ಇಟ್ಟುಕೊಂಡ ಹೆಸರಲ್ಲ, ನೆರೆಯ ಡಕೋಟಾ ಜನರ ಬಾಯಿಂದ ಬಂದದ್ದು. ‘ಟೀಪಿ’ಯೂ ಡಕೋಟಾ ಮಾತೇ. ಅವರು ತಮ್ಮನ್ನು ಕರೆದುಕೊಳ್ಳುವುದು ತ್ಸಿತ್ಸಿಸ್ತಾಸ್ ಎಂದು. ಮೊದಲಿನಿಂದಲೂ ಗುಡಾರದಲ್ಲೇ ಇದ್ದವರೂ ಅಲ್ಲ. 18ನೇ ಶತಮಾನದಲ್ಲಿ ಈಗಿನ ಉತ್ತರ ಡಕೋಟಾದ ಶೈಯನ್ ನದಿಯ ದಂಡೆಯಲ್ಲಿ ಮಣ್ಣು ಮುಚ್ಚಿದ ಮನೆಗಳಲ್ಲಿದ್ದುಕೊಂಡು ಮೆಕ್ಕೆಜೋಳ ಬೆಳೆಯುತ್ತಿದ್ದರು. ಕುದುರೆ ಕೈಗೆ ಬಂದ ಮೇಲೆ ಬೈಸನ್ (ಅಲ್ಲಿನ ಕಾಡುಕೋಣ) ಹಿಂಡುಗಳ ಹಿಂದೆ ಅಮೆರಿಕದ ನಡುವಿನ ದೊಡ್ಡ ಹುಲ್ಲುಬಯಲಿಗಿಳಿದರು. ಗುಡಾರದ ಸಾಮಾನನ್ನು ನಾಯಿಗಳು ಎಳೆಯುತ್ತಿದ್ದ ಕಾಲದಲ್ಲಿ ಗುಡಾರ ಚಿಕ್ಕದಿರಬೇಕಿತ್ತು. ಕುದುರೆ ಬಂತು, ಗುಡಾರ ದೊಡ್ಡದಾಯಿತು.

ಈಗ ಹೊದಿಕೆಗೆ ಬಾ. ಒಂದು ಗುಡಾರಕ್ಕೆ ಹತ್ತು ಹನ್ನೆರಡರಿಂದ ಇಪ್ಪತ್ತರವರೆಗೆ ಬೈಸನ್ ಚರ್ಮ ಬೇಕು. ಹೆಣ್ಣು ಬೈಸನ್ನಿನದೇ ಆಗಬೇಕು, ಗಂಡಿನದು ದಪ್ಪ, ಎತ್ತಲಾರದಷ್ಟು ಭಾರ. ಹಸಿ ಚರ್ಮವನ್ನು ಕೂದಲು ಕೆಳಗಾಗಿ ನೆಲಕ್ಕೆ ಹಾಸಿ, ಅಂಚಿನ ಸುತ್ತ ಗೂಟ ಹೊಡೆದು ಬಿಗಿದು, ಹಲ್ಲು ಕೊರೆದ ಕಾಲೆಲುಬಿನಿಂದ ಅಂಟಿದ ಮಾಂಸ, ಕೊಬ್ಬು ಹೆರೆದು ತೆಗೆಯಬೇಕು. ಬಿಸಿಲಿಗೆ ಒಣಗಿದ ಮೇಲೆ ಬಾಚಿಯ ಹಾಗೆ ಬಾಗಿದ ಇನ್ನೊಂದು ಸಾಧನ: ಎಲ್ಕ್ ಜಿಂಕೆಯ ಕೊಂಬಿನ ಹಿಡಿ, ತುದಿಗೆ ಕಲ್ಲಿನ ಅಲಗು, ಆಮೇಲಿನ ಕಾಲದಲ್ಲಿ ಕಬ್ಬಿಣದ್ದು. ಅದರಿಂದ ಚರ್ಮವನ್ನು ಒಂದೇ ದಪ್ಪಕ್ಕೆ ತರಬೇಕು, ಮಗುಚಿ ಹಾಕಿ ಕೂದಲು ಕೆರೆಯಬೇಕು. ಅಲಗು ಸ್ವಲ್ಪ ಓರೆಯಾಗಿ ಬಿದ್ದರೆ ತೂತು ಬೀಳುತ್ತದೆ. ಬಯಲಿನ ಹೆಂಗಸರು ಆ ಕೊಂಬಿನ ಹಿಡಿಯ ಮೇಲೆ ಗೀರು ಹಾಕಿ ತಾವು ಹದ ಮಾಡಿದ ಚರ್ಮಗಳ ಲೆಕ್ಕ ಇಡುತ್ತಿದ್ದರು.

ಆಮೇಲೆ ಮಿದುಳು. ಮಿದುಳು, ಪಿತ್ತಜನಕಾಂಗ, ಕೊಬ್ಬು ಕಲಸಿ ಚರ್ಮಕ್ಕೆ ಚೆನ್ನಾಗಿ ತಿಕ್ಕಿ, ಸುರುಳಿ ಸುತ್ತಿ ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆ ನೀರು ಹಿಂಡಿ, ಬಿಗಿಯಾಗಿ ಕಟ್ಟಿದ ಹುರಿಯ ಮೇಲೆ ಚರ್ಮವನ್ನು ಆ ಕಡೆ ಈ ಕಡೆ ಎಳೆಯುತ್ತಾ ಹೋಗಬೇಕು, ಅದು ಪೂರ್ತಿ ಒಣಗುವ ತನಕ. ತೋಳು ಬಿದ್ದುಹೋಗುವ ಕೆಲಸ ಇದೇ. ಒದ್ದೆಯಿರುವಾಗಲೇ ಸಾಕು ಅಂತ ಬಿಟ್ಟರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಚರ್ಮ ಹಲಗೆಯಾಗುತ್ತದೆ, ಮತ್ತೆ ನೆನೆಸಿ ಮೊದಲಿನಿಂದ ಶುರು ಮಾಡಬೇಕು. ಮೆತ್ತಗಾದ ಚರ್ಮಕ್ಕೆ ಹೊಗೆ ಹಿಡಿದರೆ ಮಳೆಯಲ್ಲಿ ನೆನೆದು ಒಣಗಿದರೂ ಮೆತ್ತಗೇ ಉಳಿಯುತ್ತದೆ. ಅದಕ್ಕೇ ಹಳೇ ಗುಡಾರದ ತುದಿಯ ಭಾಗಕ್ಕೆ ಅಷ್ಟು ಬೆಲೆ. ವರ್ಷಗಟ್ಟಲೆ ಹೊಗೆ ಕುಡಿದ ಆ ಚರ್ಮ ಪಾದರಕ್ಷೆಗೆ ಹೇಳಿಮಾಡಿಸಿದ್ದು.

ಹೊಲಿಯುವ ದಿನ ಮನೆಯೊಡತಿ ಅಡುಗೆ ಮಾಡಿಸಿ ಹೆಂಗಸರನ್ನು ಕರೆಯುತ್ತಿದ್ದಳು. ಕತ್ತರಿಸುವುದು ಎಲ್ಲರ ಕೈಗೂ ಸಿಗುವ ಕೆಲಸವಲ್ಲ, ಅದರಲ್ಲಿ ಪಳಗಿದ ಒಬ್ಬಳು ಚರ್ಮಗಳನ್ನು ಹರಡಿ, ಅರ್ಧವೃತ್ತಕ್ಕೆ ಹೊಂದಿಸಿ ಗುರುತು ಹಾಕುವಳು. ಉಳಿದವರು ಎಲುಬಿನ ಮೊನೆಯಿಂದ ತೂತು ಚುಚ್ಚಿ, ಬೈಸನ್ನಿನ ಬೆನ್ನೆಲುಬಿನ ಪಕ್ಕದಿಂದ ತೆಗೆದು ಒಣಗಿಸಿ ಸೀಳಿದ ನಾರಿನಿಂದ ಹೊಲಿಯುವರು. ನಾರನ್ನು ಬಾಯಲ್ಲಿಟ್ಟು ಒದ್ದೆ ಮಾಡಿಕೊಳ್ಳುತ್ತಾರೆ, ತುದಿ ಮಾತ್ರ ಒಣಗಿರಬೇಕು. ಆ ಗಟ್ಟಿ ತುದಿಯೇ ಸೂಜಿ. ಹೊಗೆಕಿವಿ, ಅಂದರೆ ಹೊಗೆಯ ತೂತಿನ ಎರಡು ಪಕ್ಕದ ತೆರೆದು ಮುಚ್ಚುವ ರೆಕ್ಕೆ, ಅದನ್ನು ಹೊಲಿಯುವವಳು ನಗುಮುಖದವಳಾಗಿರಬೇಕು, ಸಿಡುಕಿ ಹೊಲಿದರೆ ಆ ಮನೆಯಲ್ಲಿ ಯಾವಾಗಲೂ ಹೊಗೆ ತುಂಬುತ್ತದೆ ಎಂಬ ನಂಬಿಕೆ ಬಯಲಿನ ಹೆಂಗಸರಲ್ಲಿತ್ತು. ನಿನ್ನ ತಂಡದಲ್ಲಿ ಆ ಕೆಲಸ ಯಾರಿಗೆ ಕೊಡಬೇಕೋ ನೋಡಿಕೋ.

ನಿಮಗೆ ಚರ್ಮದ ಪ್ರಶ್ನೆಯೇ ಇಲ್ಲ, ಕ್ಯಾನ್ವಾಸ್ ಸಾಕು. ಬೈಸನ್ ಹಿಂಡುಗಳು ಮುಗಿಯುತ್ತಾ ಬಂದ ಮೇಲೆ ಅವರೂ ಕ್ಯಾನ್ವಾಸಿಗೇ ಬಂದರು. 18 ಅಡಿಯ ಗುಡಾರಕ್ಕೆ 36 ಅಡಿ ಉದ್ದ, 18 ಅಡಿ ಅಗಲದ ಬಟ್ಟೆಯಿಂದ ಅರ್ಧವೃತ್ತ ಕತ್ತರಿಸಬೇಕು, ಹೊಗೆಕಿವಿಗೆ ಬೇರೆ ಬಟ್ಟೆ. ಗಳ ಹದಿನೈದು, 24 ಅಡಿಯವು, ಹೊಗೆಕಿವಿಗೆ ಇನ್ನೆರಡು ತೆಳ್ಳನೆಯವು. ಅವರದು ನೆಟ್ಟಗೆ ಸಣ್ಣಗೆ ಬೆಳೆಯುವ ಪೈನ್ ಮರ. ಸಿಪ್ಪೆ ಸುಲಿದು, ಗಂಟು ಕೆತ್ತಿ, ಅಂಗೈ ಆಡಿಸಿದರೆ ಎಲ್ಲೂ ತಡೆಯದ ಹಾಗೆ ನುಣುಪು ಮಾಡುತ್ತಿದ್ದರು. ಚೆಂದಕ್ಕಲ್ಲ. ಮಳೆನೀರು ಮೇಲಿನ ತೂತಿನಿಂದ ಗಳದ ಮೈ ಹಿಡಿದೇ ಇಳಿಯುತ್ತದೆ. ಗಳ ನುಣುಪಾಗಿದ್ದರೆ ಅದು ನೆಲದವರೆಗೂ ಜಾರಿಹೋಗುತ್ತದೆ, ಒಂದು ಗಂಟು ಸಿಕ್ಕಿದರೆ ಅಲ್ಲಿಂದ ನಿನ್ನ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಆದ್ದರಿಂದ ಬಿದಿರು ಬೇಡ, ಗೆಣ್ಣಿಗೊಂದು ಸೋರುವ ಜಾಗವಾಗುತ್ತದೆ. ಸರ್ವೆ ಗಳ ತರಿಸಿ ಸಿಪ್ಪೆ ತೆಗೆಸು.

ಕಟ್ಟುವುದು ಮೂರು ಗಳದಿಂದ. ಕ್ರೋ, ಬ್ಲ್ಯಾಕ್‌ಫೂಟ್ ಜನ ನಾಲ್ಕರಿಂದ ಶುರು ಮಾಡುತ್ತಾರೆ, ಶೈಯಾನರದು ಮೂರೇ. ಎರಡು ಹಿಂದಿನವು, ಒಂದು ಬಾಗಿಲಿನದು. ಅಳತೆಯನ್ನು ಕಣ್ಣಂದಾಜಿನಲ್ಲಿ ಮಾಡಬೇಡ. ಹೊದಿಕೆಯನ್ನು ನೆಲಕ್ಕೆ ಹರಡಿ, ಅದರ ನಡುಬೆನ್ನಿನ ಮೇಲೆ ಹಿಂದಿನ ಎರಡು ಗಳ ಇಟ್ಟು, ಬಾಗಿಲಿನ ಗಳವನ್ನು ಮುಂದಿನ ಅಂಚಿನ ಉದ್ದಕ್ಕೆ ಮಲಗಿಸಿ, ಮೂರೂ ಕೂಡುವಲ್ಲಿ ಕಟ್ಟು. ಬಾಗಿಲಿನ ಗಳ ಕಟ್ಟಿನಿಂದ ಕೆಳಗೆ ಹಿಂದಿನವಕ್ಕಿಂತ ಉದ್ದ ಬರುತ್ತದೆ. ತಪ್ಪಾಯಿತೆಂದು ಸಮ ಮಾಡಲು ಹೋಗಬೇಡ, ಗುಟ್ಟು ಇರುವುದೇ ಅಲ್ಲಿ. ಬೆನ್ನು ಕಡಿದಾಗಿ, ಮುಖ ಓರೆಯಾಗಿ ಗುಡಾರ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಬಾಗಿಲು ಮೂಡಲಿಗೆ, ಬೆನ್ನು ಪಡುವಣ ಗಾಳಿಗೆ. ಮುಂದಿನ ಉದ್ದ ಗಳಗಳು ಗಾಳಿಗೆ ಎದುರಾಗಿ ಊರುಗೋಲಿನ ಹಾಗೆ ಒತ್ತಿ ನಿಲ್ಲುತ್ತವೆ. ಹೊಗೆಯ ತೂತು ಗಳಗಳ ಕಟ್ಟಿನ ಮೇಲಲ್ಲ, ಅದರ ಮುಂದೆ, ಇಳಿಜಾರಿನಲ್ಲಿ. ಹಾಗಾಗಿ ಅದನ್ನು ಮುಚ್ಚಲೂ ಬರುತ್ತದೆ. ನೀನು ಬರೆದ ನಟ್ಟನಡುವಿನ ತೂತನ್ನು ಹದಿನೈದು ಗಳಗಳ ಸುತ್ತ ಹೇಗೆ ಮುಚ್ಚುತ್ತೀಯ ಹೇಳು?

ಮುಕ್ಕಾಲಿ ನಿಂತ ಮೇಲೆ ಹೆಚ್ಚಿನ ಗಳಗಳನ್ನು ಮುಂದಿನ ಕವಲಿಗೇ ಒರಗಿಸು. ಹಿಂದೆ ತೆಳ್ಳಗಿದ್ದಷ್ಟೂ ಹೊದಿಕೆ ಬಿಗಿಯಾಗಿ ಕೂರುತ್ತದೆ. ಕಟ್ಟಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಸುತ್ತ ಪ್ರದಕ್ಷಿಣವಾಗಿ ನಾಲ್ಕು ಸುತ್ತು ನಡೆದು ಬಿಗಿದು, ಒಳಗೆ ಗೂಟಕ್ಕೆ ಕಟ್ಟಬೇಕು. ಹೊದಿಕೆ ಹೊತ್ತ ಗಳ ಕೊನೆಯದು, ಸರಿಯಾಗಿ ಹಿಂದೆ ನಡುವೆ. ಅದನ್ನು ನಿಲ್ಲಿಸಿ, ಎರಡು ಕಡೆಯಿಂದ ಹೊದಿಕೆ ಬಿಚ್ಚಿಕೊಂಡು ಮುಂದಕ್ಕೆ ತಂದು, ಸುಲಿದ ಕಡ್ಡಿಗಳಿಂದ ಹೆಣೆದು, ಆಮೇಲೆ ಒಳಗೆ ಹೋಗಿ ಒಂದೊಂದೇ ಗಳದ ಬುಡ ಹೊರಕ್ಕೆ ತಳ್ಳಿದರೆ ಬಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ. ಪಳಗಿದ ಇಬ್ಬರು ಹೆಂಗಸರಿಗೆ ಇದು ಕಾಲು ಗಂಟೆಯ ಮಾತು. ನಿಮಗೆ ಅರ್ಧ ದಿನ ಇಟ್ಟುಕೋ.

ಒಳಪರದೆ ಮರೆತಿದ್ದೀಯ. ಅದಿಲ್ಲದೆ ಉಳಿದದ್ದೆಲ್ಲ ದಂಡ. ಗಳಗಳ ಒಳಮೈಗೆ ಐದಡಿ ಎತ್ತರಕ್ಕೆ ಪರದೆ ಕಟ್ಟಿ, ಬುಡವನ್ನು ಒಳಕ್ಕೆ ಮಡಚಬೇಕು. ಹೊರ ಹೊದಿಕೆಯ ಅಂಚು ನೆಲದಿಂದ ನಾಲ್ಕು ಬೆರಳು ಮೇಲಿರಲಿ. ಅಲ್ಲಿ ನುಗ್ಗುವ ತಣ್ಣನೆ ಗಾಳಿ ಪರದೆಯ ಹಿಂದಿನಿಂದ ಮೇಲೇರಿ ಹೊಗೆಯನ್ನು ಎಳೆದುಕೊಂಡು ಹೋಗುತ್ತದೆ, ಮಲಗಿದವರ ಬೆನ್ನಿಗೆ ತಾಗುವುದಿಲ್ಲ. ರಾತ್ರಿ ಬೆಂಕಿಯ ಬೆಳಕಿನಲ್ಲಿ ಒಳಗಿದ್ದವರ ನೆರಳು ಹೊರಗಿನ ಶತ್ರುವಿಗೆ ಕಾಣದಿರುವುದೂ ಇದರಿಂದಲೇ. ಹೊಗೆಕಿವಿಗಳ ಗಳ ಹೊರಗಿರುತ್ತವೆ. ಕಿವಿಗಳ ಬೆನ್ನು ಯಾವಾಗಲೂ ಗಾಳಿಗಿರುವ ಹಾಗೆ ಅವುಗಳ ಬುಡ ಸರಿಸುತ್ತಿರಬೇಕು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ನಿಮಗೆ ತೊಂದರೆಯಿಲ್ಲ. ಹಿಂಗಾರಿನಲ್ಲಿ ಗಾಳಿ ಬಾಗಿಲ ಕಡೆಯಿಂದ ತಿರುಗಿತೋ, ಕಿವಿ ಮುಚ್ಚಿ ಬೆಂಕಿ ಆರಿಸುವುದೊಂದೇ ದಾರಿ.

ಒಳಗೆ ಬೆಂಕಿಗೂ ಕುಳಿತವರಿಗೂ ನಡುವೆ ಹಾಯಬಾರದು, ಬೆನ್ನ ಹಿಂದಿನಿಂದ ಹೋಗಬೇಕು, ಕುಳಿತವರು ಮುಂದೆ ಬಾಗಿ ದಾರಿ ಬಿಡುತ್ತಾರೆ. ದೊಡ್ಡ ಬೀಡಿನಲ್ಲಿ ಗುಡಾರಗಳೆಲ್ಲ ಮೂಡಲಿಗೆ ಬಾಯಿ ಬಿಟ್ಟ ವರ್ತುಲವಾಗಿ ನಿಲ್ಲುತ್ತಿದ್ದವು, ಪ್ರತಿ ಪಂಗಡಕ್ಕೂ ಅದರದೇ ಜಾಗ. ಜನಾಂಗದ ಆಡಳಿತ ಆಗ 44 ಮುಖಂಡರ ಸಭೆಯದಾಗಿತ್ತು, ಅವಧಿ 10 ವರ್ಷ. ಬೀಡು ಕಿತ್ತಾಗ ಅದೇ ಗಳಗಳು ಕುದುರೆಯ ಎರಡು ಪಕ್ಕ ಕಟ್ಟಿದ ಎಳೆಬಂಡಿ. ನೆಲಕ್ಕೆ ಉಜ್ಜಿ ಉಜ್ಜಿ ಗಳ ಸವೆದು ಗಿಡ್ಡವಾಗುತ್ತಿತ್ತು. ಹೊಸದಕ್ಕೆ ಮತ್ತೆ ಬೆಟ್ಟದ ಕಡೆಗೇ ಹೋಗಬೇಕು, ಬಯಲಿನಲ್ಲಿ ಮರವೆಲ್ಲಿದೆ?

ಬಣ್ಣ ಹಚ್ಚುವ ಯೋಚನೆ ಬಿಡು. ಶೈಯಾನರ ಹೆಚ್ಚಿನ ಗುಡಾರಗಳು ಬರಿಯವೇ. ಚಿತ್ರ ಬರೆದ ಗುಡಾರ ಒಬ್ಬರ ಕನಸಿಗೆ, ವ್ರತಕ್ಕೆ ಸೇರಿದ್ದು, ಇನ್ನೊಬ್ಬರು ಎತ್ತಿಕೊಳ್ಳುವಂಥದ್ದಲ್ಲ. ಮುಳ್ಳುಹಂದಿಯ ಮುಳ್ಳಿನ ಕಸೂತಿಯಿಂದ ಗುಡಾರ ಸಿಂಗರಿಸುವ ಹಕ್ಕೂ ಹೆಂಗಸರ ಒಂದು ಸಂಘದ್ದು. ಹರಕೆ ಹೊತ್ತು, ಹಿರಿಯಳಿಂದ ಕಲಿತು ಮಾಡಬೇಕಾದ ಕೆಲಸ. ಮುಗಿಸಿದವಳು ಗಂಡಸು ಯುದ್ಧದ ಸಾಹಸ ಹೇಳಿಕೊಳ್ಳುವ ಹಾಗೆ ಅದನ್ನು ಎಲ್ಲರೆದುರು ಹೇಳಿಕೊಳ್ಳುತ್ತಿದ್ದಳು.

ನಕ್ಷೆಯ ಪಕ್ಕದ ಫಲಕದಲ್ಲಿ ಇತಿಹಾಸಕ್ಕೆ ಜಾಗ ಸಾಲದು ಅಂದೆಯಲ್ಲ, ಒಂದೇ ದಿನಾಂಕ ಹಾಕು: 1876ರ ನವೆಂಬರ್ 25. ವಯೋಮಿಂಗಿನಲ್ಲಿ ಪೌಡರ್ ನದಿಯ ರೆಡ್ ಫೋರ್ಕ್ ಕವಲಿನ ಬಳಿ ಡಲ್ ನೈಫ್ ಎಂಬ ಮುಖಂಡನ ಹಳ್ಳಿಯ ಮೇಲೆ ಅಮೆರಿಕದ ಸೈನ್ಯ ಬೆಳಗಿನ ಜಾವ ಬಿದ್ದು, ನೂರೈವತ್ತಕ್ಕೂ ಹೆಚ್ಚು ಗುಡಾರಗಳನ್ನು ಸುಟ್ಟಿತು. ಗುಡಾರಕ್ಕೆ ಹದಿನೈದು ಚರ್ಮವೆಂದರೂ ಎರಡು ಸಾವಿರದ ಮೇಲಾಯಿತು, ಒಂದೊಂದೂ ಹುರಿಯ ಮೇಲೆ ಎಳೆದು ಎಳೆದು ಒಣಗಿಸಿದ್ದು. ಜೊತೆಗೆ ಚಳಿಗಾಲಕ್ಕೆ ಕೂಡಿಟ್ಟ ಒಣಮಾಂಸ, ಹೊದಿಕೆ. ಹೊದೆಯಲು ಏನೂ ಇಲ್ಲದೆ ಹಿಮದಲ್ಲಿ ನಡೆದ ಆ ಜನರಲ್ಲಿ ಕೂಸುಗಳು ತಾಯಂದಿರ ತೋಳಿನಲ್ಲೇ ಹೆಪ್ಪುಗಟ್ಟಿ ಸತ್ತವು. ಉತ್ತರದ ಶೈಯಾನರಿಗೆ ಮೊಂಟಾನಾದಲ್ಲಿ ಸ್ವಂತ ನೆಲ ಗೊತ್ತಾದದ್ದು 1884ರಲ್ಲಿ, ದಕ್ಷಿಣದವರು ಒಕ್ಲಹೋಮಾದಲ್ಲಿದ್ದಾರೆ.

ಕೊನೆಗೆ ಒಂದು. ಹೊದಿಕೆಯನ್ನು ಎತ್ತುವ ಗಳಕ್ಕೆ ಎಷ್ಟು ಎತ್ತರದಲ್ಲಿ ಕಟ್ಟಿದ್ದೀಯೋ ಅಲ್ಲಿ ಗಳದ ಮೇಲೆ ಇದ್ದಿಲಿನಿಂದ ಗೆರೆ ಎಳೆ. ಮೊದಲ ಸಲ ಎಬ್ಬಿಸಿದಾಗ ಹಿಂದಿನ ಅಂಚು ಒಂದಡಿ ಮೇಲೆ ನಿಂತರೆ ಕಟ್ಟು ಎತ್ತರವಾಗಿದೆ, ನೆಲದ ಮೇಲೆ ಸುಕ್ಕುಗಟ್ಟಿ ಬಿದ್ದರೆ ತಗ್ಗಾಗಿದೆ. ಎಳೆದು ಸರಿಮಾಡಲು ಹೋಗಬೇಡಿ, ಬಟ್ಟೆ ಹರಿಯುತ್ತದೆ. ಇಳಿಸಿ, ಗೆರೆ ನೋಡಿ, ಮತ್ತೆ ಕಟ್ಟಿ.

ಇಂತಿ,
ನಿನ್ನ ಅಮ್ಮ